ಹಳೆ ಕೈಗಡಿಯಾರದ ಡಯಲ್: ಕಾರ್ಖಾನೆಯದ್ದೋ, ಆಮೇಲೆ ಬಣ್ಣ ಹೊಡೆಸಿದ್ದೋ?

ಕೊಡಗಿನ ಐನ್‌ಮನೆಗಳ (ಕುಟುಂಬದ ಮೂಲಮನೆಗಳ) ಕಪಾಟಿನಲ್ಲಿ, ಸೈನ್ಯದಿಂದ ನಿವೃತ್ತರಾಗಿ ಬಂದವರ ಟ್ರಂಕಿನಲ್ಲಿ, ತೋಟದ ಹಳೆ ರೈಟರ್‌ಗಳ (ಲೆಕ್ಕ ಬರೆಯುವವರ) ಮನೆಯಲ್ಲಿ ಇಂದಿಗೂ ಒಳ್ಳೆಯ ಕೀ ಕೊಡುವ ವಾಚುಗಳು ಸಿಗುತ್ತವೆ. ಅವುಗಳ ಡಯಲ್ ನೋಡುವಾಗ ಇಲ್ಲಿ ಎರಡು ತಪ್ಪು ಮತ್ತೆ ಮತ್ತೆ ಆಗುತ್ತದೆ. ಬಣ್ಣ ಹೊಡೆದು ಮಿಂಚುವ ಡಯಲನ್ನು ‘ಬಳಸದೆ ಇಟ್ಟ ಮಾಲು’ ಎಂದು ಕೊಳ್ಳುವುದು ಒಂದು. ಮಳೆಗಾಲದ ತೇವಕ್ಕೆ ಚುಕ್ಕಿ ಬಿದ್ದ ಅಸಲಿ ಡಯಲನ್ನು ‘ಹಾಳಾಗಿದೆ’ ಎಂದು ಬಣ್ಣಕ್ಕೆ ಕಳಿಸುವುದು ಇನ್ನೊಂದು. ಮೊದಲನೆಯದರಲ್ಲಿ ದುಡ್ಡು ಹೋಗುತ್ತದೆ, ಅಷ್ಟೇ. ಎರಡನೆಯದರಲ್ಲಿ ಹೋದದ್ದು ಮತ್ತೆ ಬರುವುದಿಲ್ಲ. ಬಣ್ಣ ಹೊಡೆಯುವವರು ಮೊದಲು ಹಳೆ ಮುದ್ರಣ, ಹಳೆ ಲೇಪನ ಎರಡನ್ನೂ ಡಯಲಿನ ಹಿತ್ತಾಳೆ ತಗಡಿನವರೆಗೆ ಕೆರೆದು ತೆಗೆಯುತ್ತಾರೆ. ಹಾಗಾಗಿ ಈ ಕೈಪಿಡಿಯಲ್ಲಿ ಎರಡೂ ತಪ್ಪಿನ ಪರೀಕ್ಷೆ ಇದೆ, ಎರಡನೆಯದಕ್ಕೆ ಹೆಚ್ಚು ಜಾಗ ಕೊಟ್ಟಿದೆ.

ಉತ್ತರ ‘ಅಸಲಿ’ ಅಥವಾ ‘ನಕಲಿ’ ಎಂಬ ಎರಡರಲ್ಲೇ ಮುಗಿಯುವುದಿಲ್ಲ. ಡಯಲ್ ನಾಲ್ಕು ಬಗೆಯದ್ದಾಗಿರಬಹುದು: ವಾಚಿನ ಜೊತೆಗೇ ಹುಟ್ಟಿದ್ದು, ಅದೇ ಡಯಲಿಗೆ ಮತ್ತೆ ಬಣ್ಣ, ಅಕ್ಷರ ಹಾಕಿದ್ದು, ಸರ್ವಿಸ್ ಮಾಡುವಾಗ ಕಂಪನಿಯೇ ಬದಲಿಸಿ ಕೊಟ್ಟ ಅಸಲಿ ಬಿಡಿಭಾಗ, ಯಾರೋ ಹೊಸ ತಗಡಿನಲ್ಲಿ ಮಾಡಿ ಕೂರಿಸಿದ್ದು. ಮೂರನೆಯದನ್ನು ಎರಡನೆಯದೆಂದು ತಳ್ಳಿಹಾಕುವುದು ಅನುಭವಸ್ಥರೂ ಮಾಡುವ ತಪ್ಪು.

ಮೊದಲು ಮನೆಯವರನ್ನು ಕೇಳಿ

ಲೆನ್ಸ್ ತೆಗೆಯುವ ಮುಂಚೆ ಒಂದೆರಡು ಪ್ರಶ್ನೆ. ‘ಡಯಲ್ ಒರಿಜಿನಲ್ಲಾ?’ ಎಂದು ಕೇಳಿದರೆ ಎಲ್ಲರೂ ಹೌದೆನ್ನುತ್ತಾರೆ. ಅದರ ಬದಲು ‘ಮಾವ, ಇದನ್ನು ಎಂದಾದರೂ ಪಾಲಿಶಿಗೋ ಕಲರಿಗೋ ಕೊಟ್ಟಿದ್ರಾ? ಗ್ಲಾಸ್ ಯಾವಾಗ ಹಾಕಿಸಿದ್ದು?’ ಎಂದು ಕೇಳಿ. ‘ಮಗಳ ಮದುವೆ ಮುಂಚೆ ಮೈಸೂರಿಗೆ ಕೊಟ್ಟು ಹೊಸದರ ಹಾಗೆ ಮಾಡಿಸಿದ್ದೆ’ ಎಂಬ ಉತ್ತರ ಬಂದರೆ ಅರ್ಧ ಕೆಲಸ ಮುಗಿದಂತೆ. ಗ್ಲಾಸ್ ಮಾತ್ರ ಬದಲಿಸಿದ್ದರೂ ಡಯಲ್ ‘ಹೊಸದಾಯಿತು’ ಎನ್ನುವವರಿದ್ದಾರೆ. ಗೀರು ತುಂಬಿದ ಗ್ಲಾಸ್ ಹೋದ ಮೇಲೆ ಅಸಲಿ ಡಯಲೂ ಹೊಸದರಂತೆ ಕಾಣುವುದು ಸಹಜ.

ವಾಚು ಎಲ್ಲಿ ಇತ್ತು ಎಂಬುದನ್ನೂ ಕೇಳಿ. ಭಾಗಮಂಡಲ, ಮಡಿಕೇರಿಯ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ಮಂಜು ಬಿಡುವುದೇ ಇಲ್ಲ. ಮಡಿಕೇರಿಯಲ್ಲಿ ವರ್ಷಕ್ಕೆ 3000 ಮಿ.ಮೀ ಮೀರುತ್ತದೆ. ಕುಶಾಲನಗರದ ಕಡೆ ಅದರ ಅರ್ಧವೂ ಇಲ್ಲ. ನಲವತ್ತು ಮಳೆಗಾಲ ಮಡಿಕೇರಿಯಲ್ಲಿ ಕೈಗೆ ಕಟ್ಟಿದ ವಾಚಿನ ಡಯಲಿನಲ್ಲಿ ಒಂದೂ ಕಲೆ ಇಲ್ಲ ಎಂದರೆ ಅದಕ್ಕೆ ಕಾರಣ ಸಿಗಬೇಕು. ಸೈನ್ಯದಲ್ಲಿದ್ದವರ ವಾಚು ಬದುಕಿನ ಬಹುಪಾಲು ರಾಜಸ್ಥಾನದಲ್ಲೋ ಪಂಜಾಬಿನಲ್ಲೋ ಕಳೆದಿದ್ದರೆ ಕಲೆ ಕಡಿಮೆ ಇರುವುದಕ್ಕೆ ಅದೇ ಕಾರಣ.

ಬೇಕಾಗುವ ಸಾಮಾನು

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಒಳ್ಳೆಯ ಲೆನ್ಸ್ ಒಂದು, ಮೂರು ಪಟ್ಟಿನ ಕಣ್ಣು ಲೆನ್ಸ್ ಒಂದು. ಹತ್ತಿರದ ಫೋಟೊ ತೆಗೆಯುವ ಫೋನ್. ಓರೆಯಾಗಿ ಹಿಡಿಯಲು ಸಣ್ಣ ಬಿಳಿ ಟಾರ್ಚ್. 365 ನ್ಯಾನೊಮೀಟರಿನ ಯುವಿ ಟಾರ್ಚ್. ನೋಟು ನೋಡುವ ಅಗ್ಗದ 395ರ ಟಾರ್ಚು ನೇರಳೆ ಬೆಳಕನ್ನೇ ಹೆಚ್ಚು ಚೆಲ್ಲುವುದರಿಂದ ಕಣ್ಣಿಗೆ ಮೋಸವಾಗುತ್ತದೆ. ವಾಚು ಬಿಚ್ಚುವವರಿಗೆ ಮುಳ್ಳು ಎಬ್ಬಿಸುವ ಜೋಡಿ ಲಿವರ್, 0.8 ಮತ್ತು 1 ಮಿ.ಮೀ ಸ್ಕ್ರೂಡ್ರೈವರ್, ಚಿಮಟ, ತೆಳು ಪ್ಲಾಸ್ಟಿಕ್ ಹಾಳೆ, ಬೆರಳಿಗೆ ರಬ್ಬರ್ ಕವಚ.

ಒದ್ದೆ ಹತ್ತಿ, ಸ್ಪಿರಿಟ್, ನಿಂಬೆಹಣ್ಣು, ಟೂತ್‌ಪೇಸ್ಟ್ ಯಾವುದೂ ಮೇಜಿನ ಮೇಲೆ ಇರಬಾರದು. ‘ಒರೆಸಿದರೆ ಅಕ್ಷರ ಹೋಗುತ್ತದೆಯೇ ನೋಡೋಣ’ ಎಂಬ ಪರೀಕ್ಷೆಗೆ ಅರ್ಥವೇ ಇಲ್ಲ. ಅಸಲಿ ಮುದ್ರಣವೂ ಒರೆಸಿದರೆ ಹೋಗುತ್ತದೆ, ಎಷ್ಟೋ ಸಲ ಅದೇ ಮೊದಲು ಹೋಗುತ್ತದೆ.

ಎಚ್ಚರಿಕೆ: ನಿಜವಾದ ರೇಡಿಯಂ

ನಮ್ಮಲ್ಲಿ ಕತ್ತಲಲ್ಲಿ ಹೊಳೆಯುವುದೆಲ್ಲ ‘ರೇಡಿಯಂ’. ವಾಚಿನ ವಿಷಯದಲ್ಲಿ ಈ ಮಾತನ್ನು ಬಿಡಿಸಿ ನೋಡಲೇಬೇಕು. 1960ರ ದಶಕದ ಮೊದಲಿನ ಡಯಲುಗಳಲ್ಲಿ ಇದ್ದದ್ದು ನಿಜವಾದ ರೇಡಿಯಂ. ಅದರ ಅರ್ಧಾಯುಷ್ಯ ಸುಮಾರು 1600 ವರ್ಷ. ಹೊಳಪು ಸತ್ತಿರುವುದು ಜೊತೆಗಿದ್ದ ಜಿಂಕ್ ಸಲ್ಫೈಡ್ ಸುಟ್ಟುಹೋಗಿ. ವಿಕಿರಣ ಹಾಗೇ ಇದೆ. ಅಂಕಿಗಳ ಮೇಲಿನ ಹಳದಿ ಕಂದು ಪುಡಿ ಉದುರುವಂತಿದ್ದರೆ ಆ ವಾಚನ್ನು ಮನೆಯಲ್ಲಿ ಬಿಚ್ಚಬೇಡಿ. ಬಿಚ್ಚಲೇಬೇಕಾದ ರಿಪೇರಿಯವರು ಕೈಗೆ ಗ್ಲೌಸ್ ಹಾಕಿ. ಬಾಯಲ್ಲಿ ಊದಬೇಡಿ, ಕೆರೆಯಬೇಡಿ. ಮೇಜನ್ನು ಒದ್ದೆ ಕಾಗದದಲ್ಲಿ ಒರೆಸಿ, ಆ ಕಾಗದವನ್ನು ಮುಚ್ಚಿದ ಚೀಲಕ್ಕೆ ಹಾಕಿ. ಧೂಳು ಒಳಗೆ ಹೋಗುವುದೇ ಅಪಾಯ. ಗ್ಲಾಸಿನ ಹೊರಗಿನಿಂದ ನೋಡಿದರೂ ಈ ಕೈಪಿಡಿಯ ಹೆಚ್ಚಿನ ಪರೀಕ್ಷೆ ಆಗುತ್ತದೆ.

ಅಕ್ಷರ ನೋಡುವುದು

ಕಾರ್ಖಾನೆಯಲ್ಲಿ ಡಯಲಿಗೆ ಅಕ್ಷರ ಬೀಳುವ ಕ್ರಮ ಗೊತ್ತಿದ್ದರೆ ಏನು ಹುಡುಕಬೇಕೆಂಬುದು ತಾನಾಗಿ ತಿಳಿಯುತ್ತದೆ. ಲೋಹದ ಪ್ಲೇಟಿನಲ್ಲಿ ಅಕ್ಷರಗಳನ್ನು ಸಣ್ಣ ಗುಂಡಿಯಾಗಿ ಕೊರೆದಿರುತ್ತಾರೆ. ಆ ಗುಂಡಿಗೆ ಶಾಯಿ ತುಂಬಿ, ಮೇಲಿನದನ್ನು ಬ್ಲೇಡಿನಿಂದ ಎಳೆದು ತೆಗೆದು, ಮೆತ್ತಗಿನ ಉಂಡೆಯೊಂದನ್ನು ಒತ್ತಿ ಶಾಯಿ ಎತ್ತಿಕೊಂಡು ಡಯಲಿನ ಮೇಲೆ ಒತ್ತುತ್ತಾರೆ. ಹಿಂದೆ ಆ ಉಂಡೆ ಜೆಲಟಿನ್‌ನದ್ದು, ಆಮೇಲೆ ಸಿಲಿಕೋನ್‌ನದ್ದು. ಹೀಗೆ ಬಿದ್ದ ಶಾಯಿ ಡಯಲಿನಿಂದ ಕೂದಲೆಳೆಯಷ್ಟು ಎದ್ದು ನಿಲ್ಲುತ್ತದೆ, ಅಂಚು ಕತ್ತರಿಸಿದಂತಿರುತ್ತದೆ.

ಟಾರ್ಚನ್ನು ಡಯಲಿಗೆ ಬಹುತೇಕ ಸಮತಟ್ಟಾಗಿ, ಬದಿಯಿಂದ ಹಿಡಿಯಿರಿ. ಹತ್ತರ ಲೆನ್ಸ್‌ನಲ್ಲಿ ಒಂದೇ ಅಕ್ಷರವನ್ನು ಆರಿಸಿ ನೋಡಿ. ಅಸಲಿಯಲ್ಲಿ ಅಕ್ಷರದ ಒಂದು ಪಕ್ಕ ಸಣ್ಣ ನೆರಳು ಬೀಳುತ್ತದೆ, ದಪ್ಪ ಗೆರೆ ತೆಳು ಗೆರೆಗೆ ಸೇರುವ ಕಡೆ ಶಾಯಿ ತುಂಬಿಕೊಂಡಿರುವುದಿಲ್ಲ, ಅಕ್ಷರದ ಹೊಟ್ಟೆಯೊಳಗಿನ ಖಾಲಿ ಜಾಗ ತೆರೆದೇ ಇರುತ್ತದೆ. ಮರುಬಣ್ಣದಲ್ಲಿ ಅಂಚು ಹರಡಿರುತ್ತದೆ, ಚಿಕ್ಕ ಅಕ್ಷರಗಳ ಹೊಟ್ಟೆ ಮುಚ್ಚಿಹೋಗಿರುತ್ತದೆ, ಒಂದೇ ಸಾಲಿನಲ್ಲಿ ಒಂದು ಅಕ್ಷರ ದಪ್ಪ, ಪಕ್ಕದ್ದು ಸಪೂರ. ಕೈಯಲ್ಲಿ ತಿದ್ದಿದ್ದರೆ ಒಂದೇ ಅಕ್ಷರ ಎರಡು ಕಡೆ ಬಂದಾಗ ಎರಡು ರೂಪದಲ್ಲಿರುತ್ತದೆ. ಇದು ತಪ್ಪದ ಗುರುತು, ಏಕೆಂದರೆ ಕೊರೆದ ಪ್ಲೇಟು ಹಾಗೆ ಮಾಡಲಾರದು.

ಆದರೂ ಮರುಬಣ್ಣದವರೂ ಪ್ಲೇಟು, ಉಂಡೆಗಳನ್ನೇ ಬಳಸುತ್ತಾರೆ. ಒಳ್ಳೆಯ ಕೆಲಸಗಾರರ ಅಕ್ಷರ ಅಂದವಾಗಿಯೇ ಇರುತ್ತದೆ. ಅಂಥ ಕಡೆ ಆಕಾರ, ಜಾಗ, ಅಳತೆ ಹೋಲಿಸಬೇಕು. ಅದೇ ಮಾದರಿಯ ಕನಿಷ್ಠ ಐದು ವಾಚುಗಳ ಫೋಟೊ ಬೇರೆ ಬೇರೆ ಕಡೆಯಿಂದ ತೆಗೆದುಕೊಂಡು, ಹೆಸರಿನ ಸಾಲಿನ ಉದ್ದ ಡಯಲಿನ ಅಗಲದ ಎಷ್ಟು ಪಾಲು ಎಂದು ಅಳೆದು ನೋಡಿ. ಒಬ್ಬರೇ ಮಾರುವವರ ಐದು ಫೋಟೊ ಸಾಲದು. ಐದೂ ಒಂದೇ ಅಂಗಡಿಯ ಬಣ್ಣವಾಗಿರಬಹುದು.

ಆರರ ಕೆಳಗೆ, ಅಂಚಿನಲ್ಲಿ ಇರುವ ‘ಸ್ವಿಸ್ ಮೇಡ್’ ಸಾಲಿಗೆ ವಿಶೇಷ ಗಮನ ಕೊಡಿ. ಡಯಲಿನಲ್ಲಿ ಅತಿ ಸಣ್ಣ ಬರಹ ಅದೇ, ಆದ್ದರಿಂದ ಮೊದಲು ಕೆಡುವುದೂ ಅದೇ. ಮರುಬಣ್ಣದಲ್ಲಿ ಅದು ಬಿಟ್ಟೇಹೋಗಿರುತ್ತದೆ, ಅಥವಾ ಬಾಗಬೇಕಾದದ್ದು ನೇರ ನಿಂತಿರುತ್ತದೆ, ಅಥವಾ ಆರರ ಗುರುತಿನ ಎರಡು ಬದಿಗೆ ಸಮನಾಗಿ ಹಂಚಿಕೊಂಡಿರುವುದಿಲ್ಲ. ಅರ್ಧ ಮಾತ್ರ ಕಂಡರೆ ಅವಸರ ಬೇಡ: ಗ್ಲಾಸಿನೊಳಗಿನ ಉಂಗುರ ಅದನ್ನು ಮುಚ್ಚಿರಬಹುದು. ವಾಚನ್ನು ಓರೆ ಮಾಡಿ ನೋಡಿ.

ಗೆರೆ, ಎದ್ದ ಗುರುತು, ತಗ್ಗು

ಡಯಲಿನ ನೇರ ಮೇಲಿನಿಂದ ಒಂದು ಫೋಟೊ ತೆಗೆದು, ಹನ್ನೆರಡರಿಂದ ಆರಕ್ಕೂ ಒಂಬತ್ತರಿಂದ ಮೂರಕ್ಕೂ ಗೆರೆ ಎಳೆಯಿರಿ. ಎರಡೂ ನಡುವಿನ ತೂತಿನ ಮಧ್ಯದಲ್ಲೇ ಕೂಡಬೇಕು. ಕಾರ್ಖಾನೆಯಲ್ಲಿ ಗಂಟೆ ತೋರಿಸುವ ಲೋಹದ ಗುರುತುಗಳ ಕಾಲು ತೂರುವ ರಂಧ್ರವೂ ನಿಮಿಷದ ಗೆರೆಗಳೂ ಒಂದೇ ಆಧಾರದಿಂದ ಅಳೆದು ಆದವು. ಮರುಬಣ್ಣದಲ್ಲಿ ಲೋಹದ ಗುರುತು ಹಳೆಯ ಜಾಗದಲ್ಲೇ ಇರುತ್ತದೆ, ಗೆರೆ ಮಾತ್ರ ಹೊಸತು. ಇಡೀ ಗೆರೆಪಟ್ಟಿ ಒಂದು ಕಡೆಗೆ ಸ್ವಲ್ಪ ತಿರುಗಿದಂತೆ ಕಂಡರೆ, ಹನ್ನೆರಡರಲ್ಲಿ ಎಡಕ್ಕೆ ಜಾರಿದಷ್ಟೇ ಆರರಲ್ಲಿ ಬಲಕ್ಕೆ ಜಾರಿದ್ದರೆ, ಬಣ್ಣ ಆಮೇಲಿನದ್ದು.

ಲೋಹದ ಗುರುತಿನ ಬುಡ ನೋಡಿ. ಗುರುತು ತೆಗೆಯದೆ ಬಣ್ಣ ಸಿಂಪಡಿಸಿದ್ದರೆ ಬುಡದ ಮೂಲೆಯಲ್ಲಿ ಮೇಣ ಕಟ್ಟಿದ ಹಾಗೆ ಬಣ್ಣ ನಿಂತಿರುತ್ತದೆ. ಗುರುತಿನ ತಲೆ ಮೇಲೆ ಬಿದ್ದ ಬಣ್ಣವನ್ನು ಕೆರೆದು ತೆಗೆದ ಗೀರು ಒಂದೇ ದಿಕ್ಕಿಗೆ ಇರುತ್ತದೆ, ಮೂಲೆಯಲ್ಲಿ ಗಿಲೀಟು ಹೋಗಿ ಹಿತ್ತಾಳೆ ಕಾಣುತ್ತದೆ. ಗುರುತು ಸವೆದು, ಡಯಲ್ ಮಾತ್ರ ನುಣ್ಣಗೆ ಇದ್ದರೆ ಎರಡರ ವಯಸ್ಸು ಒಂದಲ್ಲ. ದಿನಾಂಕದ ಕಿಟಕಿಯ ಮೂಲೆ, ನಡುವಿನ ತೂತಿನ ಬಾಯಿ ಇವೂ ಬಣ್ಣ ನಿಲ್ಲುವ ಜಾಗಗಳೇ.

ಆರರಲ್ಲಿ ಚಿಕ್ಕ ಸೆಕೆಂಡು ಮುಳ್ಳು ಇರುವ ವಾಚಾದರೆ ಕೆಲಸ ಸುಲಭ. ಆ ತಗ್ಗಿನ ತಳದಲ್ಲಿ ಕಾರ್ಖಾನೆಯವರು ಗ್ರಾಮಫೋನ್ ತಟ್ಟೆಯಂತೆ ಒಂದರೊಳಗೊಂದು ಸುತ್ತುಗೆರೆ ಕೊರೆಯುತ್ತಿದ್ದರು. ಓರೆ ಬೆಳಕಿನಲ್ಲಿ ಗೆರೆಗಳು ಬೆಳಕನ್ನು ಬೀಸಣಿಗೆಯಂತೆ ಹರಡಬೇಕು. ಬಣ್ಣ ಬಿದ್ದ ಮೇಲೆ ಆ ಗೆರೆ ತುಂಬಿ ತಳ ಮಂಕಾಗುತ್ತದೆ, ತಗ್ಗಿನ ಅಂಚೂ ದುಂಡಗಾಗುತ್ತದೆ. ಗೆರೆ ಕೊರೆಯದ ಡಯಲೂ ಇವೆ, ಆದ್ದರಿಂದ ಅಂಚನ್ನೂ ನೋಡಬೇಕು.

ತೇವದ ಕಲೆ: ಯಾವುದು ಸಹಜ, ಯಾವುದು ಮುಚ್ಚಿಟ್ಟದ್ದು

ಕೊಡಗಿನ ವಾಚುಗಳಿಗೆ ಇದೇ ಮುಖ್ಯ ಪರೀಕ್ಷೆ. ಕೈಯ ಬಿಸಿಗೆ ಕೇಸಿನೊಳಗಿನ ಗಾಳಿ ಹಿಗ್ಗಿ ಹೊರಗೆ ಹೋಗುತ್ತದೆ. ಮಂಜಿಗೆ ಬಂದಾಗ, ಅಥವಾ ರಾತ್ರಿ ಕಳಚಿಟ್ಟಾಗ, ಒಳಗಿನ ಗಾಳಿ ಕುಗ್ಗಿ ಹೊರಗಿನ ತೇವವನ್ನು ಎಳೆದುಕೊಳ್ಳುತ್ತದೆ. ಒಣಗಿದ ವಾಷರಿನ ಕೀ, ಸಡಿಲಾದ ಪ್ಲಾಸ್ಟಿಕ್ ಗ್ಲಾಸಿನ ಅಂಚು, ಇವೇ ದಾರಿ. ಆದ್ದರಿಂದ ಅಸಲಿ ಡಯಲಿನ ಕಲೆಗೆ ಒಂದು ನಕ್ಷೆ ಇದೆ: ಮೂರರ ಹತ್ತಿರ ಅಂಚಿನಲ್ಲಿ ಶುರು, ಸುತ್ತಲೂ ಹೊರ ಅಂಚಿನಲ್ಲಿ ಉಂಗುರ, ಆಮೇಲೆ ನಡುವಿನ ತೂತಿನ ಸುತ್ತ. ಹಿಂದಿನ ಮುಚ್ಚಳ ತೆಗೆದರೆ ಕೀ ತಂತಿಯ (ಕೀಯಿಂದ ಮಷಿನ್ನಿನೊಳಗೆ ಹೋಗುವ ಕಡ್ಡಿಯ) ಹತ್ತಿರದ ಉಕ್ಕಿನ ಭಾಗಗಳಲ್ಲೂ ತುಕ್ಕು ಕಾಣಬೇಕು. ತುಕ್ಕು ಹಿಡಿದ ಕೀ ತಂತಿಯ ಮೇಲೆ ಹಾಲಿನಂಥ ಬಿಳಿ ಡಯಲ್ ಇದ್ದರೆ ಅನುಮಾನ ಬಲವಾಯಿತು.

ಕಲೆಯ ಜಾತಿಯನ್ನು ಲೆನ್ಸ್‌ನಲ್ಲಿ ಬೇರ್ಪಡಿಸಿ. ಬೂಷ್ಟು ಮೇಲ್ಮೈಯ ಮೇಲೆ ಕವಲೊಡೆದ ನೂಲಿನಂತೆ ಹರಡುತ್ತದೆ. ಬೆಳ್ಳಿ ಲೇಪನ ಕಪ್ಪಾದ ಚುಕ್ಕಿಗೆ ಅಂಚು ಖಚಿತ; ಗಂಧಕ ಬಿಡುವ ರಬ್ಬರ್ ಬ್ಯಾಂಡಿನೊಂದಿಗೆ ಕಟ್ಟಿಟ್ಟರೂ ಹೀಗೆ ಕಪ್ಪಾಗುತ್ತದೆ. ಹಸಿರಾಗಿದ್ದರೆ ಅದು ಕಿಲುಬು, ತೇವ ಹಿತ್ತಾಳೆಯವರೆಗೆ ತಲುಪಿದೆ. ಇವು ಮೂರೂ ಅಸಲಿಗೆ ವಿರುದ್ಧದ ಸಾಕ್ಷಿ ಅಲ್ಲ.

ಇನ್ನು ಹತ್ತಿರದಿಂದ ನೋಡಬೇಕಾದ ಒಂದು ಜಾಗ. ಹಳೆಯ ಕಿಲುಬಿನ ಗುಂಡಿಯನ್ನು ಪೂರ್ತಿ ತೆಗೆಯದೆ ಬಣ್ಣ ಹೊಡೆದಿದ್ದರೆ, ಓರೆ ಬೆಳಕಿನಲ್ಲಿ ಸಿಡುಬಿನ ಕಲೆಯಂತೆ ತಗ್ಗು ಕಾಣುತ್ತದೆ, ಬಣ್ಣ ಮಾತ್ರ ಸುತ್ತಲಿನಷ್ಟೇ ಶುಭ್ರ. ಆ ತಗ್ಗಿನ ಮೇಲೆ ನಿಮಿಷದ ಗೆರೆಯೋ ಅಕ್ಷರವೋ ಹಾದುಹೋಗುವ ಕಡೆ ಲೆನ್ಸ್ ನಿಲ್ಲಿಸಿ. ಗೆರೆ ತಗ್ಗಿನೊಳಗೆ ಇಳಿದು, ತುಂಡಾಗದೆ ಆಚೆ ಹತ್ತಿದ್ದರೆ ಗೆರೆ ಬಂದದ್ದು ಗುಂಡಿ ಆದ ಮೇಲೆ. ಅಸಲಿಯಲ್ಲಿ ಗುಂಡಿ ಆಮೇಲೆ ಬಂದದ್ದು, ಅದು ಗೆರೆಯನ್ನು ತಿಂದು ಕತ್ತರಿಸಿರುತ್ತದೆ. ಕಪ್ಪು ಡಯಲಿನ ಜೇಡರ ಬಲೆಯಂಥ ಬಿರುಕಿಗೂ ಇದೇ ನಿಯಮ. ಬಿರುಕು ಅಕ್ಷರವನ್ನೂ ಸೀಳಿದ್ದರೆ ಎರಡೂ ಒಟ್ಟಿಗೆ ಮುದಿಯಾದವು. ಬಿರುಕಿನ ಮೇಲೆ ಅಕ್ಷರ ಸೇತುವೆ ಕಟ್ಟಿದ್ದರೆ ಅಕ್ಷರ ಕಿರಿಯದು. ಬೇರೆ ಎಲ್ಲ ಪರೀಕ್ಷೆಯೂ ತೂಗುಯ್ಯಾಲೆಯಲ್ಲಿದ್ದಾಗ ನಾವು ನೆಚ್ಚುವುದು ಇದನ್ನೇ.

ಹೊಳಪಿನ ಪರೀಕ್ಷೆ

ಕತ್ತಲ ಕೋಣೆಯಲ್ಲಿ ಐದು ನಿಮಿಷ ಕಣ್ಣು ಪಳಗಿಸಿ, ಯುವಿ ಟಾರ್ಚನ್ನು ಹತ್ತು ಸೆಕೆಂಡು ಹಿಡಿದು ಆರಿಸಿ. ರೇಡಿಯಂ ಆದರೆ ಮಂಕು, ಅಥವಾ ಏನೂ ಇಲ್ಲ. 1960ರ ದಶಕದಿಂದ ಬಂದ ಟ್ರಿಟಿಯಂನ ಅರ್ಧಾಯುಷ್ಯ 12.3 ವರ್ಷ, ಟಾರ್ಚ್ ಇರುವಾಗ ಬೆಳಗಿ, ಆರಿಸಿದ ಕೂಡಲೇ ಬೇಗ ಸಾಯುತ್ತದೆ. ಅಂಥ ಸ್ವಿಸ್ ಡಯಲುಗಳ ಬುಡದಲ್ಲಿ ‘ಟಿ ಸ್ವಿಸ್ ಮೇಡ್ ಟಿ’ ಎಂಬಂತೆ ಟಿ ಅಕ್ಷರ ಇರುತ್ತದೆ. ಆರಿಸಿದ ಮೇಲೂ ಗಂಟೆಗಟ್ಟಲೆ ಹಸಿರು ಬೆಳಕು ಉಳಿದರೆ ಅದು 1993ರಲ್ಲಿ ಜಪಾನಿನಲ್ಲಿ ಬಂದ ಲ್ಯೂಮಿನೋವಾ ಜಾತಿಯದ್ದು. ಅದಕ್ಕಿಂತ ಹಳೆಯ ವಾಚಿನಲ್ಲಿ ಹುಟ್ಟಿನಿಂದ ಇರಲು ಸಾಧ್ಯವಿಲ್ಲ.

ಹಾಗೆಂದು ಡಯಲಿಗೇ ಬಣ್ಣ ಹೊಡೆದಿದ್ದಾರೆ ಎನ್ನಬೇಡಿ. ಮುಳ್ಳಿಗೂ ಅಂಕಿಗೂ ಹೊಳಪು ಮಾತ್ರ ತುಂಬಿಸಿರಬಹುದು, ಅಥವಾ ಕಂಪನಿಯ ಸರ್ವಿಸಿನಲ್ಲಿ ಡಯಲ್ ಬದಲಾಗಿರಬಹುದು. ಮುದ್ರಣ ಚೊಕ್ಕ, ಹೊಳಪು ಹೊಸತು, ಟಿ ಅಕ್ಷರ ಇಲ್ಲ ಎಂದರೆ ಸರ್ವಿಸ್ ಡಯಲ್ ಇರುವ ಸಾಧ್ಯತೆ ಹೆಚ್ಚು. ಮುಳ್ಳಿನಲ್ಲಿ ಹೊಳಪಿನ ಪುಡಿ ಇದ್ದು ಡಯಲಿನಲ್ಲಿ ಒಂದು ಚುಕ್ಕಿಯೂ ಇಲ್ಲದಿದ್ದರೆ ಎರಡರಲ್ಲಿ ಒಂದು ಬದಲಾಗಿದೆ. ರೇಡಿಯಂ ಮುಳ್ಳು ಬಹುಕಾಲ ಒಂದೇ ಕಡೆ ನಿಂತಿದ್ದರೆ ಅದರ ಕೆಳಗೆ ಡಯಲ್ ಕಂದಾಗಿ ಸುಟ್ಟ ನೆರಳು ಇರುತ್ತದೆ. ಕಪಾಟಿನಲ್ಲಿ ಬಿದ್ದಿದ್ದ ವಾಚಿನ ಅಸಲಿತನಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಕಡಿಮೆ.

ವಾಚು ನಿಲ್ಲುತ್ತಿದ್ದರೆ

ರಿಪೇರಿಗೆ ಬರುವ ಕೆಲವು ದೂರುಗಳ ಮೂಲ ಮಷಿನ್ನಿನಲ್ಲಿ ಇರುವುದಿಲ್ಲ, ಡಯಲಿನಲ್ಲಿ ಇರುತ್ತದೆ. ದಿನವೂ ಬಹುತೇಕ ಒಂದೇ ಹೊತ್ತಿಗೆ ನಿಲ್ಲುತ್ತದೆ, ದಿನಾಂಕ ಅರ್ಧಕ್ಕೆ ಸಿಕ್ಕಿಕೊಳ್ಳುತ್ತದೆ, ಕೀ ಎಳೆಯಲು ಬಿಗಿ ಎನ್ನುವವರ ವಾಚಿನಲ್ಲಿ ಬಣ್ಣದ ದಪ್ಪ ನೋಡಿ. ನಡುವಿನ ತೂತಿನ ಬಾಯಿಯ ಬಣ್ಣ ಗಂಟೆ ಚಕ್ರದ ಕೊಳವೆಗೆ ಉಜ್ಜುತ್ತದೆ. ಡಯಲ್ ಹಿಂಬದಿಗೆ ಹರಿದ ಬಣ್ಣ ದಿನಾಂಕದ ತಟ್ಟೆಯನ್ನು ಹಿಡಿಯುತ್ತದೆ. ಕೆರೆಯುವಾಗ ಡಯಲನ್ನು ಮಷಿನ್ನಿಗೆ ಹಿಡಿಸುವ ಬೆನ್ನಿನ ಕಾಲು ಮುರಿದು ಎರಡು ಬದಿ ಅಂಟಿನ ಬಿಲ್ಲೆ ಹಾಕಿದ್ದರೆ ಡಯಲ್ ಎತ್ತರವಾಗಿ ಮುಳ್ಳುಗಳ ನಡುವಿನ ಸಂದಿ ಕಡಿಮೆಯಾಗುತ್ತದೆ, ಗಂಟೆ ಮುಳ್ಳು ಎದ್ದ ಗುರುತಿಗೆ ತಾಗುತ್ತದೆ. ಡಯಲ್ ತಿರುಗಿದರಂತೂ ಹನ್ನೆರಡಕ್ಕೆ ಮುಳ್ಳುಗಳು ಸರಿಯಾಗಿ ಕೂಡುವುದೇ ಇಲ್ಲ. ಇಂಥ ವಾಚಿಗೆ ಎಷ್ಟು ಸಲ ಎಣ್ಣೆ ಹಾಕಿದರೂ ದೋಷ ಹೋಗದು.

ಬಿಚ್ಚಿ ನೋಡುವುದು

ಇದು ಕೈಪಳಗಿದವರ ಕೆಲಸ. ಕೀ ಹಿಡಿದುಕೊಂಡು, ಸ್ಪ್ರಿಂಗ್ ಬಿಚ್ಚದಂತೆ ಹಿಡಿದಿರುವ ತಡೆಹಲ್ಲನ್ನು ಬದಿಗೆ ಸರಿಸಿ, ಸ್ಪ್ರಿಂಗಿನ ಬಿಗಿಯನ್ನು ನಿಧಾನ ಇಳಿಸಿ. ತಂತಿ ಬಿಡಿಸಿ ಮಷಿನ್ ಹೊರತೆಗೆಯಿರಿ. ಡಯಲಿನ ಮೇಲೆ ಸೀಳಿದ ಪ್ಲಾಸ್ಟಿಕ್ ಹಾಳೆ ಇಟ್ಟು ಎರಡು ಬದಿಯಿಂದ ಸಮನಾಗಿ ಲಿವರ್ ಒತ್ತಿ ಮುಳ್ಳು ಎಬ್ಬಿಸಿ. ಮಷಿನ್ನಿನ ಅಂಚಿನಲ್ಲಿರುವ ಎರಡು ಡಯಲ್ ಸ್ಕ್ರೂಗಳನ್ನು ಒಂದೆರಡು ಸುತ್ತು ಸಡಿಲಿಸಿದರೆ ಸಾಕು. ಪೂರ್ತಿ ತೆಗೆದರೆ ಕಳೆದುಹೋಗುತ್ತವೆ. ಡಯಲ್ ತಾನಾಗಿ ಏಳದಿದ್ದರೆ ಎಳೆಯಬೇಡಿ, ಇನ್ನೊಂದು ಸ್ಕ್ರೂ ಉಳಿದಿದೆ. ಗಂಟೆ ಚಕ್ರದ ಮೇಲೆ ಎಲೆಯಂಥ ತೆಳು ವಾಷರ್ ಇರುತ್ತದೆ, ಹೆಚ್ಚಾಗಿ ಡಯಲಿಗೆ ಅಂಟಿಕೊಂಡು ಬರುತ್ತದೆ. ಅದನ್ನು ಕೂಡಲೇ ಡಬ್ಬಿಗೆ ಹಾಕಿ.

ಈಗ ಮೂರು ಕಡೆ ನೋಡಿ. ಮೊದಲು ಹೊರ ಅಂಚಿನ ಅರ್ಧ ಮಿ.ಮೀ. ಕೇಸಿನ ಕೆಳಗೆ ಅಡಗಿದ್ದ ಆ ಪಟ್ಟಿಗೆ ಬಿಸಿಲು ತಾಗಿಲ್ಲ. ಅಸಲಿ ಡಯಲಿನಲ್ಲಿ ಅದರ ಬಣ್ಣ ಉಳಿದ ಭಾಗದಿಂದ ಬೇರೆಯಾಗಿ ಉಂಗುರದಂತೆ ಕಾಣುತ್ತದೆ. ಅಂಚಿನಿಂದ ಅಂಚಿಗೆ ಒಂದೇ ಬಣ್ಣವಿದ್ದು ವಾಚು ಹತ್ತಾರು ವರ್ಷ ಕೈಯಲ್ಲಿದ್ದದ್ದಾದರೆ ಮರುಬಣ್ಣದ ಅನುಮಾನ ಬಲವಾಯಿತು. ಎರಡನೆಯದು ಅಂಚಿನ ದಪ್ಪ: ಅರದ ಗೀರು, ಬಣ್ಣದ ತೊಟ್ಟು, ಕೂಡಿಸುವ ಗುರುತಿಗೆಂದು ಕಡಿದ ಸಣ್ಣ ಕಚ್ಚು ಇವೆಯೇ? ಅಂಥ ಕಚ್ಚು ಮರುಬಣ್ಣದವರ ಹಳೆಯ ಪದ್ಧತಿ. ಮೂರನೆಯದು ಬೆನ್ನು: ಕಾರ್ಖಾನೆಯ ಅಚ್ಚಾದ ಗುರುತು ಇದ್ದರೆ ತಗಡು ಅಸಲಿ ಎಂದಷ್ಟೇ ಹೇಳಬಹುದು. ಸೂಜಿಯಿಂದ ಗೀಚಿದ ಅಂಕಿ, ಸಿಂಪಡಿಸಿದ ಬಣ್ಣದ ಮಂಜು, ಮತ್ತೆ ಬೆಸುಗೆ ಹಾಕಿದ ಕಾಲು ಕಂಡರೆ ಮುಂಭಾಗ ಅಸಲಿ ಎನ್ನಲು ಬಹಳ ಗಟ್ಟಿ ಕಾರಣ ಬೇಕು.

ಇಲ್ಲಿ ಹೆಚ್ಚು ಸಿಗುವ ವಾಚುಗಳು

ಎಚ್‌ಎಂಟಿ: ಜಪಾನಿನ ಸಿಟಿಜನ್ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಈ ವಾಚು ಕೊಡಗಿನಲ್ಲಿ ಇಲ್ಲದ ಮನೆ ಕಡಿಮೆ. ಜನತಾ, ಪೈಲಟ್ ಎರಡಕ್ಕೂ ಅತಿ ಹೆಚ್ಚು ಬಣ್ಣ ಬಿದ್ದಿದೆ. ದೇವನಾಗರಿಯಲ್ಲಿ ಹೆಸರಿರುವ ಡಯಲಾದರೆ ಅಕ್ಷರಗಳ ತಲೆಗೆರೆ ನೋಡಿ. ಮರುಬಣ್ಣದಲ್ಲಿ ಅದು ನಡುವೆ ದಪ್ಪವಾಗುತ್ತದೆ ಅಥವಾ ಅಕ್ಷರದಿಂದ ಬಿಟ್ಟುಕೊಳ್ಳುತ್ತದೆ. ಕಣ್ಣು ಕುಕ್ಕುವ ಕೆಂಪು, ಹಸಿರು, ನೀಲಿ ಪೈಲಟ್‌ಗಳನ್ನು ಕಂಡಾಗ ಎಲ್ಲ ಪರೀಕ್ಷೆಯನ್ನೂ ಮಾಡಿಯೇ ಮುಂದುವರಿಯಿರಿ. ಕಂಪನಿಯ ವಾಚು ವಿಭಾಗ ಮುಚ್ಚಲು ಕೇಂದ್ರ ಸಂಪುಟ 2016ರಲ್ಲಿ ಒಪ್ಪಿತು. ಹೊಸದಾಗಿ ಕಾಣುವ ಎಲ್ಲವೂ ಮರುಬಣ್ಣ ಎನ್ನುವಂತಿಲ್ಲ, ಬಳಸದ ಅಸಲಿಗಳೂ ಉಳಿದಿವೆ.

ಫೇವರ್ ಲೂಬಾ: ಸೀ ಚೀಫ್, ಸೀ ಕಿಂಗ್‌ಗಳ ಬಣ್ಣ ಬಳಿದ ಪ್ರತಿಗಳು ಮುಂಬೈ ಮಾರುಕಟ್ಟೆಯಿಂದ ಎಷ್ಟು ಹರಿದಿವೆಯೆಂದರೆ ಹೊರದೇಶದ ಸಂಗ್ರಹಕಾರರು ಅಂಥ ವಾಚಿಗೆ ‘ಮುಂಬೈ ಸ್ಪೆಷಲ್’ ಎಂದೇ ಹೆಸರಿಟ್ಟಿದ್ದಾರೆ. ಮರಳು ಗಡಿಯಾರದ ಆಕಾರದ ಲಾಂಛನದ ಬುಡದಲ್ಲಿ ಬಣ್ಣ ನಿಂತಿದೆಯೇ ನೋಡಿ. ಎರಡು ಬಣ್ಣದ ಡಯಲಾದರೆ ಅನುಮಾನದಿಂದಲೇ ಆರಂಭಿಸಿ.

ಸೀಕೊ 5: ಡಯಲಿನ ತೀರ ಕೆಳ ಅಂಚಿನಲ್ಲಿ ಜಪಾನ್ ಎಂಬ ಪದದೊಂದಿಗೆ ಅತಿ ಸಣ್ಣ ಸಂಖ್ಯೆ ಇರುತ್ತದೆ. ಅದರ ಮೊದಲ ನಾಲ್ಕು ಅಂಕಿ ಮಷಿನ್ ಸಂಖ್ಯೆ, ಉದಾಹರಣೆಗೆ 7009. ಹಿಂದಿನ ಮುಚ್ಚಳದ ಮೊದಲ ನಾಲ್ಕಕ್ಕೆ ಹೊಂದಬೇಕು. ಮುಂದಿನ ಅಂಕಿಗಳು ಸ್ವಲ್ಪ ಬೇರೆ ಇದ್ದರೆ ತೊಂದರೆಯಿಲ್ಲ. ಮರುಬಣ್ಣದಲ್ಲಿ ಈ ಸಾಲು ಇರುವುದಿಲ್ಲ, ಇದ್ದರೆ ಓದಲಾಗುವುದಿಲ್ಲ.

ಬಾಣದ ಗುರುತಿನ ಸೇನಾ ವಾಚು: ಎರಡನೇ ಮಹಾಯುದ್ಧದ ಬ್ರಿಟಿಷ್ ಸೇನೆಯ ಕೆಲವು ವಾಚುಗಳ ರೇಡಿಯಂ ಡಯಲನ್ನು ಸೇನೆಯೇ ಆಮೇಲೆ ತೆಗೆದು, ವೃತ್ತದೊಳಗೆ ಟಿ ಇರುವ ಟ್ರಿಟಿಯಂ ಡಯಲ್ ಹಾಕಿಸಿತು. ಅದು ಕಾರ್ಖಾನೆಯ ಮೊದಲ ಡಯಲ್ ಅಲ್ಲ ನಿಜ, ಆದರೆ ಅದನ್ನು ಬದಲಿಸಿದರೆ ವಾಚಿನ ಚರಿತ್ರೆಯನ್ನೇ ಕಿತ್ತಂತೆ.

ನಿರ್ಣಯ ಬರೆಯುವಾಗ

ಒಂದೇ ಗುರುತಿನ ಮೇಲೆ ತೀರ್ಪು ಬೇಡ. ಅಸಲಿ ಕಾರ್ಖಾನೆಯಲ್ಲೂ ಒಮ್ಮೊಮ್ಮೆ ಅಕ್ಷರ ಓರೆಯಾಗಿ ಬಿದ್ದದ್ದುಂಟು. ಅಕ್ಷರ, ಗೆರೆ ಮತ್ತು ಗುರುತಿನ ಹೊಂದಿಕೆ, ಕಲೆಯ ನಕ್ಷೆ, ಹೊಳಪು, ಅಂಚು ಮತ್ತು ಬೆನ್ನು: ಈ ಐದರಲ್ಲಿ ಮೂರು ಒಂದೇ ಕಡೆ ಬೆರಳು ಮಾಡಿದರೆ ಬರೆಯಿರಿ. ಹಳೆಯ ಗುಂಡಿಯ ಅಥವಾ ಬಿರುಕಿನ ಮೇಲೆ ಗೆರೆ ತುಂಡಾಗದೆ ಹಾದಿದ್ದರೆ ಮಾತ್ರ ಅದೊಂದೇ ಸಾಕು. ತೂಕ ಸಮಸಮ ಬಂದರೆ ‘ಖಚಿತವಿಲ್ಲ’ ಎಂದೇ ಬರೆದುಕೊಡಿ, ಜೊತೆಗೆ ಫೋಟೊ ಇಡಿ. ಕೊಳ್ಳುವವರಾದರೆ ಅಂಥ ವಾಚಿಗೆ ಮರುಬಣ್ಣದ ಬೆಲೆಯನ್ನೇ ಕೊಡಿ.

ಅಸಲಿ ಎಂದಾದ ಕಲೆಯ ಡಯಲನ್ನು ಹಾಗೇ ಬಿಡಿ. ಕಲೆ ಮುಂದೆ ಬೆಳೆಯದಂತೆ ಕೀಗೂ ಹಿಂದಿನ ಮುಚ್ಚಳಕ್ಕೂ ಹೊಸ ವಾಷರ್ ಹಾಕಿಸಿ. ಕಕ್ಕಡದ (ಜುಲೈ-ಆಗಸ್ಟ್‌ನ ಕೊಡವ ತಿಂಗಳಿನ) ಮಳೆಯಲ್ಲಿ ವಾಚು ಬಿಚ್ಚಿ ಹಾಗೆಯೇ ಮುಚ್ಚಿದರೆ ಆ ತೇವವೇ ಒಳಗೆ ಬಂಧಿ. ಮುಚ್ಚುವ ಮೊದಲು ಒಂದು ಲೀಟರಿನ ಬಿಗಿ ಡಬ್ಬಿಯಲ್ಲಿ 30 ಗ್ರಾಂ ಸಿಲಿಕಾ ಜೆಲ್ ಜೊತೆ ಒಂದು ರಾತ್ರಿ ಇಡಿ. ಮಳೆಗಾಲ ಪೂರ್ತಿ ಕಟ್ಟದೆ ಇಡುವ ವಾಚಿಗೂ ಅದೇ ಡಬ್ಬಿ ಆಗುತ್ತದೆ, ಚರ್ಮದ ಪಟ್ಟಿ ಮಾತ್ರ ಬಿಚ್ಚಿಡಿ. ರೇಡಿಯಂ ವಾಚನ್ನು ಬಿಗಿ ಡಬ್ಬಿಯಲ್ಲಿ ಇಡಬೇಡಿ: ರೇಡಾನ್ ಅನಿಲ ತುಂಬಿಕೊಳ್ಳುತ್ತದೆ, ಮಲಗುವ ಕೋಣೆಯಿಂದ ದೂರ, ಗಾಳಿಯಾಡುವ ಒಣ ಜಾಗ ಬೇಕು. ನೀಲಿ ಜೆಲ್ ಹರಳು ಗುಲಾಬಿ ಬಣ್ಣಕ್ಕೆ ತಿರುಗಿದಾಗ 110ರಿಂದ 120 ಡಿಗ್ರಿ ಸೆಲ್ಸಿಯಸ್ ಓವನ್‌ನಲ್ಲಿ ಎರಡು ಗಂಟೆ ಒಣಗಿಸಿ, ಆರಿದ ಮೇಲೆ ಮತ್ತೆ ಡಬ್ಬಿಗೆ ಹಾಕಿ. ಮಡಿಕೇರಿಯ ಮಳೆಗಾಲದಲ್ಲಿ ವಾರಕ್ಕೊಮ್ಮೆ ಡಬ್ಬಿಯ ಹರಳಿನ ಬಣ್ಣ ನೋಡುತ್ತಿರಿ.